ಕೋರ್ ಡ್ಯುಯೊ ಮತ್ತು ಟ್ಯೂರಿಯನ್: ಒಂದು ಹಳೆಯ ಪೈಪೋಟಿಯ ಇತಿಹಾಸ

ಇತಿಹಾಸವೆಂದರೆ ಅರಸರ ವಂಶಾವಳಿ ಮತ್ತು ಕಾಳಗಗಳ ಇಸವಿಗಳಷ್ಟೇ ಅಲ್ಲ, ಮನುಷ್ಯನು ಬಳಸಿ ಬಿಟ್ಟ ಉಪಕರಣಗಳಿಗೂ ಇತಿಹಾಸವಿದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಶಿಲಾಯುಗದ ಕೈಗೊಡಲಿಯನ್ನು ಕುರಿತು ಒಂದು ಇಡೀ ಪೀರಿಯಡ್ ಮಾತನಾಡಬಹುದಾದರೆ, ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಗಳಿಗೆ ಬಂದು ಈಗ ಅಟ್ಟ ಸೇರಿರುವ ಲ್ಯಾಪ್‌ಟಾಪನ್ನು ಕುರಿತು ಏಕೆ ಮಾತನಾಡಬಾರದು? ಈ ಬಾರಿ ಅಂತಹ ಲ್ಯಾಪ್‌ಟಾಪುಗಳ ಒಳಗಿದ್ದ ಎರಡು ಪ್ರೊಸೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, 2006ರ ಜನವರಿಯಲ್ಲಿ ಇಂಟೆಲ್ ಸಂಸ್ಥೆ ಹೊರತಂದ ಕೋರ್ ಡ್ಯುಯೊ. ಇನ್ನೊಂದು, ಅದೇ ವರ್ಷದ ಮೇ ತಿಂಗಳಿನಲ್ಲಿ ಎಎಂಡಿ ಸಂಸ್ಥೆ ಹೊರತಂದ ಟ್ಯೂರಿಯನ್ 64 ಎಕ್ಸ್2. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಆ ವರ್ಷ ಉತ್ತರ ಸುಲಭವಾಗಿತ್ತು. ಇಂದು ಅದೇ ಪ್ರಶ್ನೆಯನ್ನು ಕೇಳಿದರೆ ಉತ್ತರ ಬೇರೆಯಾಗುತ್ತದೆ. ಯಂತ್ರಗಳು ಬದಲಾಗಲಿಲ್ಲ, ಉತ್ತರ ಮಾತ್ರ ಬದಲಾಯಿತು. ಅದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಹಿನ್ನೆಲೆ. 2000ದ ನವೆಂಬರಿನಲ್ಲಿ ಇಂಟೆಲ್‌ನ ಪೆಂಟಿಯಮ್ 4 ಬಂದಾಗ ಅದರ ವೇಗ ಒಂದೂವರೆ ಗಿಗಾಹರ್ಟ್ಸ್. ಅಲ್ಲಿಂದ ಮುಂದೆ ನಾಲ್ಕು ವರ್ಷ ಈ ಗಿಗಾಹರ್ಟ್ಸ್ ಎಂಬ ಅಂಕಿಯನ್ನು ಏರಿಸುವುದೇ ಉದ್ಯಮದ ಧ್ಯೇಯವಾಯಿತು. ಅಂಗಡಿಯವನೂ ಅದನ್ನೇ ಹೇಳುತ್ತಿದ್ದ, ಗಿರಾಕಿಯೂ ಅದನ್ನೇ ಕೇಳುತ್ತಿದ್ದ. ಈ ವೇಗವನ್ನು ಸಾಧಿಸಲು ಪೆಂಟಿಯಮ್ 4ರ ವಿನ್ಯಾಸಕಾರರು ಒಂದೊಂದು ಆಜ್ಞೆಯನ್ನೂ ಹಲವಾರು ಸಣ್ಣ ಸಣ್ಣ ಹಂತಗಳಾಗಿ ಒಡೆದರು. ಮನೆ ಕಟ್ಟುವಲ್ಲಿ ಆಳುಗಳು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ಕಂಡಿದ್ದೀರಿ. ಸಾಲಿನಲ್ಲಿ ಆಳುಗಳು ಹೆಚ್ಚಿದಷ್ಟೂ ಒಬ್ಬೊಬ್ಬನ ಕೆಲಸ ಚಿಕ್ಕದಾಗಿ ಕೈಗಳು ಚುರುಕಾಗಿ ಆಡುತ್ತವೆ. ಆದರೆ ಬೇಡದ ಇಟ್ಟಿಗೆ ಬರುತ್ತಿದೆ ಎಂದು ಕೊನೆಯವನಿಗೆ ತಿಳಿದಾಗ ಸಾಲಿನಲ್ಲಿರುವ ಅಷ್ಟೂ ಇಟ್ಟಿಗೆಗಳನ್ನು ಕೆಳಗೆ ಹಾಕಬೇಕಾಗುತ್ತದೆ. 2004ರ ಆರಂಭದಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಮ್ 4ರಲ್ಲಿ ಈ ಸಾಲು 31 ಹಂತಗಳಷ್ಟು ಉದ್ದವಾಗಿತ್ತು.

ಅದಕ್ಕಿಂತ ದೊಡ್ಡ ಕಷ್ಟ ಶಾಖದ್ದು. 2004ರ ಕೊನೆಗೆ ಪೆಂಟಿಯಮ್ 4 ತಲುಪಿದ ಗರಿಷ್ಠ ವೇಗ 3.8 ಗಿಗಾಹರ್ಟ್ಸ್; ಅದರ ಶಾಖದ ಮಿತಿಯನ್ನು 115 ವ್ಯಾಟ್ ಎಂದು ಗೊತ್ತುಮಾಡಲಾಗಿತ್ತು. ಒಂದು ದೊಡ್ಡ ಬಲ್ಬು ಉರಿದಂತೆ. ಅದೇ ವರ್ಷದ ಮೇ ತಿಂಗಳಿನಲ್ಲಿ ಇಂಟೆಲ್ ತನ್ನ ಮುಂದಿನ ಪ್ರೊಸೆಸರಾಗಬೇಕಿದ್ದ ತೇಹಾಸ್ ಯೋಜನೆಯನ್ನು ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಮ್ 4 ಹೊರಬರುವುದಿಲ್ಲವೆಂದು ಪ್ರಕಟಿಸಿತು. ವೇಗದ ಓಟ ಅಲ್ಲಿಗೆ ನಿಂತಿತು.

ಇದರ ಹಿಂದಿನ ಲೆಕ್ಕ ಹೈಸ್ಕೂಲಿನ ಮಕ್ಕಳಿಗೂ ನಿಲುಕುವಂಥದ್ದು. ಪ್ರೊಸೆಸರು ಬಳಸುವ ವಿದ್ಯುತ್ತು ಅದರ ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕು. ಈಗ ಇದನ್ನು ತಿರುಗಿಸಿ ನೋಡಿ. ವೇಗವನ್ನೂ ವೋಲ್ಟೇಜನ್ನೂ ಶೇಕಡ 20ರಷ್ಟು ತಗ್ಗಿಸಿದರೆ ವಿದ್ಯುತ್ತಿನ ಬಳಕೆ 0.8 × 0.8 × 0.8, ಅಂದರೆ 0.512ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ಅರ್ಧ. ಹಾಗಾದರೆ ಮೊದಲಿನ ವಿದ್ಯುತ್ತಿನಲ್ಲೇ ಇಂಥ ಎರಡು ಕೋರುಗಳನ್ನು ನಡೆಸಬಹುದು, ಎರಡೂ ಸೇರಿ 1.6ರಷ್ಟು ಕೆಲಸ ಮಾಡಬಲ್ಲವು. ಒಂದು ಎತ್ತನ್ನು ಬಾರುಕೋಲಿನಿಂದ ಹೊಡೆದು ಓಡಿಸುವ ಬದಲು ಎರಡು ಎತ್ತುಗಳನ್ನು ಹದವಾಗಿ ನಡೆಸುವ ಉಪಾಯ ಇದು. ಬ್ಯಾಟರಿಯನ್ನು ನಂಬಿದ ಲ್ಯಾಪ್‌ಟಾಪಿಗಂತೂ ಬೇರೆ ದಾರಿಯೇ ಇರಲಿಲ್ಲ.

ಎರಡು ಕೋರುಗಳಿದ್ದ ಮಾತ್ರಕ್ಕೆ ಕೆಲಸ ಎರಡು ಪಟ್ಟು ಬೇಗ ಆಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಜೀನ್ ಆಮ್ಡಾಲ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞರು 1967ರಲ್ಲೇ ಇದರ ಲೆಕ್ಕವನ್ನು ತೋರಿಸಿದ್ದರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದ ಉಪಾಧ್ಯಾಯರಿಗೆ ಇದು ಅನುಭವದಿಂದಲೇ ಗೊತ್ತು. ಉತ್ತರಪತ್ರಿಕೆಗಳನ್ನು ಇಬ್ಬರು ಹಂಚಿಕೊಂಡು ತಿದ್ದಬಹುದು; ಕಟ್ಟು ಬಿಚ್ಚಿ ಎಣಿಸುವುದನ್ನೂ ಕೊನೆಯಲ್ಲಿ ಅಂಕಪಟ್ಟಿಗೆ ಏರಿಸುವುದನ್ನೂ ಒಬ್ಬರೇ ಮಾಡಬೇಕು. 60 ನಿಮಿಷದ ಕೆಲಸದಲ್ಲಿ ಅರ್ಧ ಭಾಗವಷ್ಟೇ ಹಂಚಬಹುದಾಗಿದ್ದರೆ, ಇಬ್ಬರು ಕುಳಿತರೂ 30 ಮತ್ತು 15 ಸೇರಿ 45 ನಿಮಿಷ ಬೇಕು. ಹತ್ತರಲ್ಲಿ ಒಂಬತ್ತು ಪಾಲು ಹಂಚಬಹುದಾಗಿದ್ದರೆ 6 ಮತ್ತು 27 ಸೇರಿ 33 ನಿಮಿಷ. 2006ರ ತಂತ್ರಾಂಶಗಳಲ್ಲಿ ಬಹುಪಾಲು ಒಬ್ಬರೇ ಮಾಡುವಂತೆ ಬರೆದವುಗಳಾಗಿದ್ದವು. ಆದರೂ ಹಾಡು ಕೇಳುತ್ತಾ ಪತ್ರ ಬರೆಯುವವನಿಗೆ, ಹಿನ್ನೆಲೆಯಲ್ಲಿ ವೈರಸ್ ಶೋಧನೆ ನಡೆಯುತ್ತಿರುವಾಗಲೂ ಯಂತ್ರ ತಡವರಿಸದಿರುವುದು ಕಣ್ಣಿಗೆ ಕಾಣುವ ಲಾಭವಾಗಿತ್ತು.

ಇನ್ನು ನಮ್ಮ ಎರಡು ಪಾತ್ರಗಳ ಪರಿಚಯ.

ಕೋರ್ ಡ್ಯುಯೊ ಹುಟ್ಟಿದ್ದು ಇಸ್ರೇಲಿನಲ್ಲಿ. ಹೈಫಾ ನಗರದಲ್ಲಿ ಇಂಟೆಲ್ 1974ರಲ್ಲೇ ಒಂದು ವಿನ್ಯಾಸ ಕೇಂದ್ರವನ್ನು ತೆರೆದಿತ್ತು. ಅಲ್ಲಿನ ತಂಡವು ಅಗ್ಗದ ಕಂಪ್ಯೂಟರುಗಳಿಗೆಂದು ರೂಪಿಸಿದ್ದ ಟಿಮ್ನಾ ಎಂಬ ಪ್ರೊಸೆಸರನ್ನು ಸಂಸ್ಥೆ 2000ದಲ್ಲಿ ರದ್ದು ಮಾಡಿತು. ಆ ಬಳಿಕ ಅದೇ ತಂಡ ಲ್ಯಾಪ್‌ಟಾಪಿಗೆಂದೇ ಒಂದು ಪ್ರೊಸೆಸರನ್ನು ರೂಪಿಸಲು ತೊಡಗಿತು. ಗಿಗಾಹರ್ಟ್ಸಿನ ಓಟಕ್ಕೆ ಅವರು ಸೇರಲಿಲ್ಲ. 1995ರ ಪೆಂಟಿಯಮ್ ಪ್ರೊ ಕಾಲದಿಂದ ಬಂದ ಹಳೆಯ ಮನೆತನದ ವಿನ್ಯಾಸವನ್ನೇ ಹಿಡಿದು, ಪ್ರತಿಯೊಂದು ಭಾಗದಲ್ಲೂ ವಿದ್ಯುತ್ತನ್ನು ಉಳಿಸುವುದು ಹೇಗೆಂದು ಯೋಚಿಸಿದರು. 2003ರ ಮಾರ್ಚಿಯಲ್ಲಿ ಸೆಂಟ್ರಿನೊ ಎಂಬ ಹೆಸರಿನಡಿ ಬಂದ ಪೆಂಟಿಯಮ್ ಎಂ ಅದರ ಫಲ. 1.6 ಗಿಗಾಹರ್ಟ್ಸಿನ ಈ ಪ್ರೊಸೆಸರು ತನಗಿಂತ ಬಹಳ ದೊಡ್ಡ ಅಂಕಿ ಹೊತ್ತ ಪೆಂಟಿಯಮ್ 4ಕ್ಕೆ ಸರಿಸಮನಾಗಿ ಕೆಲಸ ಮಾಡುತ್ತಿತ್ತು. ಮೂಲ ಕಚೇರಿಯ ವೇಗದ ಓಟ ಕುಸಿದಾಗ ಸಂಸ್ಥೆಯನ್ನು ಎತ್ತಿ ಹಿಡಿದದ್ದು ಈ ದೂರದ ತಂಡದ ಮಿತವ್ಯಯ. ಪೆಂಟಿಯಮ್ ಎಂ ವಂಶದ ಜೋಡಿ ಕೋರಿನ ಕುಡಿಯೇ ಕೋರ್ ಡ್ಯುಯೊ. ಅದರ ಒಳಹೆಸರು ಯೋನಾ. ಹೀಬ್ರೂ ಭಾಷೆಯಲ್ಲಿ ಪಾರಿವಾಳವೆಂದು ಅರ್ಥ.

ಟ್ಯೂರಿಯನ್ ಬಂದದ್ದು ಬೇರೆ ಮನೆತನದಿಂದ. ಎಎಂಡಿ ಬಹುಕಾಲ ಇಂಟೆಲ್‌ನ ನೆರಳಿನಲ್ಲಿ ಬೆಳೆದ ಸಂಸ್ಥೆ. 2003ರಲ್ಲಿ ಅದು ಸರ್ವರುಗಳಿಗೆ ಆಪ್ಟೆರಾನ್, ಮನೆಯ ಕಂಪ್ಯೂಟರುಗಳಿಗೆ ಅಥ್ಲಾನ್ 64 ಎಂಬ ಪ್ರೊಸೆಸರುಗಳನ್ನು ತಂದು ಎಲ್ಲರ ಗಮನ ಸೆಳೆಯಿತು. ಅದೇ ವಿನ್ಯಾಸವನ್ನು ತಣ್ಣಗಾಗಿಸಿ ಲ್ಯಾಪ್‌ಟಾಪಿಗೆ ಹೊಂದಿಸಿದಾಗ 2005ರಲ್ಲಿ ಟ್ಯೂರಿಯನ್ 64 ಆಯಿತು. ಮರುವರ್ಷ ಜೋಡಿ ಕೋರಿನ ಟ್ಯೂರಿಯನ್ 64 ಎಕ್ಸ್2 ಆಯಿತು. ಅಂದರೆ ಒಂದು ಲ್ಯಾಪ್‌ಟಾಪಿಗಾಗಿಯೇ ಹುಟ್ಟಿದ್ದು, ಇನ್ನೊಂದು ಸರ್ವರಿನ ಮನೆಯಿಂದ ಲ್ಯಾಪ್‌ಟಾಪಿಗೆ ಬಂದದ್ದು. ಇವೆರಡರ ಗುಣಾವಗುಣಗಳೆಲ್ಲ ಈ ಹುಟ್ಟಿನಲ್ಲೇ ಅಡಗಿವೆ.

ಸ್ವಾರಸ್ಯದ ಸಂಗತಿಯೆಂದರೆ ಇವೆರಡರ ಬಂಡವಾಳ ಬಹುಮಟ್ಟಿಗೆ ಒಂದೇ. ಕೋರ್ ಡ್ಯುಯೊದಲ್ಲಿ ಸುಮಾರು 15 ಕೋಟಿ 10 ಲಕ್ಷ ಟ್ರಾನ್ಸಿಸ್ಟರುಗಳು. ಟ್ಯೂರಿಯನ್‌ನಲ್ಲಿ ಸುಮಾರು 15 ಕೋಟಿ 40 ಲಕ್ಷ. ಒಂದೇ ಆದಾಯದ ಎರಡು ಮನೆಗಳು ಹಣವನ್ನು ಯಾವುದಕ್ಕೆ ಖರ್ಚು ಮಾಡಿದವು ಎಂದು ನೋಡಿದರೆ ಆ ಮನೆಗಳ ಸ್ವಭಾವ ತಿಳಿಯುವಂತೆ, ಇಲ್ಲಿಯೂ ತಿಳಿಯುತ್ತದೆ.

ಕೋರ್ ಡ್ಯುಯೊ ತನ್ನ ಬಂಡವಾಳದ ಬಹುಭಾಗವನ್ನು ಕ್ಯಾಶ್ ಎಂಬ ಒಳಸ್ಮೃತಿಗೆ ಸುರಿಯಿತು. ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವ ಜಾಗ ಅದು. ಕೋರ್ ಡ್ಯುಯೊದಲ್ಲಿ 2 ಮೆಗಾಬೈಟಿನ ಒಂದೇ ಕ್ಯಾಶನ್ನು ಎರಡೂ ಕೋರುಗಳು ಹಂಚಿಕೊಳ್ಳುತ್ತಿದ್ದವು. ಒಂದು ಸುಮ್ಮನಿದ್ದರೆ ಇನ್ನೊಂದು ಇಡೀ ಜಾಗವನ್ನು ಬಳಸಬಹುದಿತ್ತು. ಟ್ಯೂರಿಯನ್‌ನಲ್ಲಿ ಒಂದೊಂದು ಕೋರಿಗೆ ಪ್ರತ್ಯೇಕವಾಗಿ 512 ಕಿಲೊಬೈಟ್, ಅತ್ಯಂತ ಕಡಿಮೆ ಬೆಲೆಯ ಮಾದರಿಯಲ್ಲಿ 256 ಕಿಲೊಬೈಟ್ ಮಾತ್ರ. ಆದರೆ ಟ್ಯೂರಿಯನ್ ಮುಖ್ಯ ಸ್ಮೃತಿಯನ್ನು ನಿಯಂತ್ರಿಸುವ ಭಾಗವನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಕೋರ್ ಡ್ಯುಯೊ ಅದಕ್ಕಾಗಿ ಹೊರಗಿನ ಇನ್ನೊಂದು ಚಿಪ್ಪನ್ನು ಕೇಳಬೇಕಿತ್ತು. ನಮ್ಮ ಸ್ಟಾಫ್ ರೂಮಿನ ಭಾಷೆಯಲ್ಲಿ ಹೇಳುವುದಾದರೆ, ಕೋರ್ ಡ್ಯುಯೊದ ಇಬ್ಬರು ಮೇಷ್ಟ್ರುಗಳಿಗೆ ಸೇರಿ ಒಂದು ದೊಡ್ಡ ಮೇಜು, ಆದರೆ ಬೀರುವಿನ ಬೀಗದ ಕೈ ಜವಾನನ ಬಳಿ. ಟ್ಯೂರಿಯನ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಮೇಜು, ಬೀಗದ ಕೈ ಮಾತ್ರ ತಮ್ಮ ಜೇಬಿನಲ್ಲೇ.

ತಯಾರಿಕೆಯ ವಿದ್ಯೆಯಲ್ಲಿ ಇಂಟೆಲ್ ಒಂದು ತಲೆಮಾರು ಮುಂದಿತ್ತು. ಕೋರ್ ಡ್ಯುಯೊ 65 ನ್ಯಾನೊಮೀಟರಿನದು, ಟ್ಯೂರಿಯನ್ ಎಕ್ಸ್2 ಮೊದಲು ಬಂದಾಗ 90 ನ್ಯಾನೊಮೀಟರಿನದು. ಹೀಗಾಗಿ ಬಹುತೇಕ ಅಷ್ಟೇ ಟ್ರಾನ್ಸಿಸ್ಟರುಗಳಿಗೆ ಟ್ಯೂರಿಯನ್‌ನ ಸಿಲಿಕಾನ್ ಹೆಚ್ಚುಕಡಿಮೆ ಇಮ್ಮಡಿ ವಿಸ್ತಾರದ್ದಾಗಿತ್ತು. ವೇಗ ಕೋರ್ ಡ್ಯುಯೊದಲ್ಲಿ 1.66ರಿಂದ ಆರಂಭವಾಗಿ 2 ಗಿಗಾಹರ್ಟ್ಸನ್ನು ದಾಟುತ್ತಿತ್ತು, ಟ್ಯೂರಿಯನ್‌ನಲ್ಲಿ 1.6ರಿಂದ 2ರವರೆಗೆ. ಶಾಖದ ಮಿತಿ ಕೋರ್ ಡ್ಯುಯೊದ ಸಾಮಾನ್ಯ ಮಾದರಿಗಳಲ್ಲಿ 31 ವ್ಯಾಟ್, ಟ್ಯೂರಿಯನ್‌ನಲ್ಲಿ 31ರಿಂದ 35 ವ್ಯಾಟ್. ಸ್ಮೃತಿಯ ನಿಯಂತ್ರಕ ಒಳಗೇ ಇದ್ದುದರಿಂದ ಟ್ಯೂರಿಯನ್‌ನ ಲೆಕ್ಕದಲ್ಲಿ ಅದರ ಖರ್ಚೂ ಸೇರಿತ್ತೆಂಬುದನ್ನು ಹೋಲಿಸುವಾಗ ಮರೆಯಬಾರದು.

ಇಷ್ಟನ್ನು ಓದಿದವರಿಗೆ ಅಂದಿನ ತೀರ್ಪು ಏನಿದ್ದೀತೆಂಬುದು ಹೊಳೆದಿರಬಹುದು. ಪತ್ರಿಕೆಗಳು ನಡೆಸಿದ ಬಹುಪಾಲು ಪರೀಕ್ಷೆಗಳಲ್ಲಿ ಕೋರ್ ಡ್ಯುಯೊ ಮುಂದಿತ್ತು. ಬ್ಯಾಟರಿಯ ಬಾಳಿಕೆಯಲ್ಲೂ ಅದರದೇ ಮೇಲುಗೈ. ಆಪಲ್ ಸಂಸ್ಥೆಯು ತಾನು ಹಿಂದೆ ಬಳಸುತ್ತಿದ್ದ ಪವರ್‌ಪಿಸಿ ಪ್ರೊಸೆಸರುಗಳನ್ನು ಬಿಟ್ಟು ಇಂಟೆಲ್ ಕಡೆ ತಿರುಗಿದಾಗ, 2006ರ ಜನವರಿ 10ರಂದು ಪ್ರಕಟಿಸಿದ ಮೊದಲ ಎರಡು ಯಂತ್ರಗಳ ಒಳಗಿದ್ದದ್ದು ಈ ಕೋರ್ ಡ್ಯುಯೊವೇ. ಟ್ಯೂರಿಯನ್ ಇದ್ದ ಲ್ಯಾಪ್‌ಟಾಪುಗಳು ಕಡಿಮೆ ಬೆಲೆಯ ಸಾಲಿನಲ್ಲಿ ಕುಳಿತವು. ತರಗತಿಯ ಭಾಷೆಯಲ್ಲಿ ಒಂದಕ್ಕೆ ಪ್ರಥಮ ದರ್ಜೆ, ಇನ್ನೊಂದಕ್ಕೆ ದ್ವಿತೀಯ.

ಆದರೆ ಅಂಕಪಟ್ಟಿಯಲ್ಲಿ ಹೆಚ್ಚು ಮಂದಿ ಗಮನಿಸದ ಒಂದು ಕಲಮು ಇತ್ತು. ಟ್ಯೂರಿಯನ್‌ನ ಹೆಸರಿನಲ್ಲೇ ಇರುವ 64 ಎಂಬ ಅಂಕಿ ಅದು. ಟ್ಯೂರಿಯನ್ 64 ಬಿಟ್‌ನ ಪ್ರೊಸೆಸರು. ಕೋರ್ ಡ್ಯುಯೊ 32 ಬಿಟ್‌ನದು.

ಇದೇನೆಂದು ಸ್ವಲ್ಪ ವಿವರಿಸುತ್ತೇನೆ. ಸ್ಮೃತಿಯ ಒಂದೊಂದು ಬೈಟಿಗೂ ಮನೆ ನಂಬರಿನಂತೆ ಒಂದು ವಿಳಾಸವಿರುತ್ತದೆ. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 2ರ 32ನೆಯ ಘಾತದಷ್ಟು, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 296. ಇದೇ 4 ಗಿಗಾಬೈಟ್‌ನ ಗಡಿ. 64 ಬಿಟ್‌ಗಳಾದರೆ ಆ ಸಂಖ್ಯೆ 20 ಅಂಕಿಗಳಷ್ಟು ಉದ್ದ. 2006ರ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಅರ್ಧ ಅಥವಾ ಒಂದು ಗಿಗಾಬೈಟ್. ನೂರು ಮನೆಗಳ ಊರಿಗೆ ನಾನೂರು ನಂಬರುಗಳು ಸಾಲವೇ ಎಂದು ಯಾರಾದರೂ ಹೇಳುತ್ತಿದ್ದರು. ಕೊಳ್ಳುವವನ ದೃಷ್ಟಿಯಿಂದ ಆ ಮಾತು ತಪ್ಪೂ ಆಗಿರಲಿಲ್ಲ.

ಈ 64 ಬಿಟ್‌ನ ಹಿಂದೆ ಒಂದು ಸ್ವಾರಸ್ಯದ ಇತಿಹಾಸವಿದೆ. ಇಂಟೆಲ್ ಸಂಸ್ಥೆ ಎಚ್‌ಪಿ ಜೊತೆಗೂಡಿ ಇಟೇನಿಯಮ್ ಎಂಬ ಸಂಪೂರ್ಣ ಹೊಸ 64 ಬಿಟ್ ಪದ್ಧತಿಯನ್ನು ರೂಪಿಸಿ 2001ರಲ್ಲಿ ಹೊರತಂದಿತು. ಅದರಲ್ಲಿ ಹಳೆಯ ತಂತ್ರಾಂಶಗಳು ಬಹಳ ನಿಧಾನವಾಗಿ ಓಡುತ್ತಿದ್ದವು. ಎಎಂಡಿ ಬೇರೆ ದಾರಿ ಹಿಡಿಯಿತು. ಹಳೆಯ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡು ಅದನ್ನೇ 64 ಬಿಟ್‌ಗೆ ವಿಸ್ತರಿಸುವುದಾಗಿ 1999ರಲ್ಲಿ ಘೋಷಿಸಿ, 2003ರಲ್ಲಿ ಮಾಡಿ ತೋರಿಸಿತು. ಹಳೆ ಮನೆಯನ್ನು ಕೆಡವದೆ ಮೇಲೊಂದು ಮಹಡಿ ಕಟ್ಟಿದಂತೆ. ಜನ ಈ ಮಹಡಿಯನ್ನೇ ಮೆಚ್ಚಿದರು. 2004ರಲ್ಲಿ ಇಂಟೆಲ್ ಕೂಡ ಅದೇ ವಿಸ್ತರಣೆಯನ್ನು ಒಪ್ಪಿಕೊಂಡು ಪೆಂಟಿಯಮ್ 4ಕ್ಕೆ ಅಳವಡಿಸಿತು. ಆದರೆ ಹೈಫಾದ ಲ್ಯಾಪ್‌ಟಾಪ್ ಶಾಖೆಗೆ ಅದು ತಲುಪುವ ಮುಂಚೆಯೇ ಕೋರ್ ಡ್ಯುಯೊ ಹೊರಬಿದ್ದಿತ್ತು.

2006ರ ಜುಲೈ 27ರಂದು ಕೋರ್ ಡ್ಯುಯೊದ ತಮ್ಮನಾದ ಕೋರ್ 2 ಡ್ಯುಯೊ ಪ್ರಕಟವಾಯಿತು. ಲ್ಯಾಪ್‌ಟಾಪಿನ ಆವೃತ್ತಿಗೆ ಮೆರೋಮ್ ಎಂಬ ಒಳಹೆಸರು. ಅದೇ ಹೈಫಾದ ತಂಡ, ಅದೇ 65 ನ್ಯಾನೊಮೀಟರ್. ಟ್ರಾನ್ಸಿಸ್ಟರುಗಳು 29 ಕೋಟಿ 10 ಲಕ್ಷ, ಮೇಲಿನ ಮಾದರಿಗಳಲ್ಲಿ ಕ್ಯಾಶ್ 4 ಮೆಗಾಬೈಟ್, ಜೊತೆಗೆ 64 ಬಿಟ್. ಅಣ್ಣನ ಒಂಟಿ ಆಳ್ವಿಕೆ ಎಂಟು ತಿಂಗಳೂ ತುಂಬಲಿಲ್ಲ. ಟ್ಯೂರಿಯನ್‌ಗೂ ಇದರೆದುರು ನಿಲ್ಲಲಾಗಲಿಲ್ಲ.

ಇನ್ನು ಮುಂದಿನದು ನಿಧಾನವಾಗಿ ನಡೆದ ಕಥೆ. 2011ರ ಜುಲೈಯಲ್ಲಿ ಬಂದ ಆಪಲ್‌ನ ಲಯನ್ ಎಂಬ ಆಪರೇಟಿಂಗ್ ಸಿಸ್ಟಮ್ ಕೋರ್ ಡ್ಯುಯೊ ಯಂತ್ರಗಳನ್ನು ಸೇರಿಸಿಕೊಳ್ಳಲಿಲ್ಲ. ಕೋರ್ 2 ಡ್ಯುಯೊ ಇದ್ದವನ್ನು ಸೇರಿಸಿಕೊಂಡಿತು. ಒಂದೇ ವರ್ಷ, ಕೆಲವೇ ತಿಂಗಳುಗಳ ಅಂತರದಲ್ಲಿ ಕೊಂಡ, ನೋಡಲು ಒಂದೇ ಬಗೆಯ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಒಳಗೆ, ಒಂದು ಹೊರಗೆ. 2017ರ ಅಕ್ಟೋಬರಿನಲ್ಲಿ ಉಬುಂಟು ತನ್ನ 32 ಬಿಟ್‌ನ ಡೆಸ್ಕ್‌ಟಾಪ್ ಆವೃತ್ತಿಯನ್ನು ನಿಲ್ಲಿಸಿತು. 2021ರ ವಿಂಡೋಸ್ 11 ಕೇವಲ 64 ಬಿಟ್‌ನದು. 32 ಬಿಟ್‌ನ ಆವೃತ್ತಿಯೂ ಇದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳ ಆಪದ್ಬಂಧುವೆನಿಸಿದ್ದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ 32 ಬಿಟ್ ಪಿಸಿಗಳಿಗೆ ಅನುಸ್ಥಾಪನೆಯ ವ್ಯವಸ್ಥೆಯನ್ನು ಕೈಬಿಟ್ಟಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೋರ್ ಡ್ಯುಯೊ ನಿಧಾನವಾಯಿತೆಂದು ಅದನ್ನು ಬಿಡಲಿಲ್ಲ. 4 ಗಿಗಾಬೈಟ್‌ನ ಗಡಿ ಅದರ ಕೊರಳಿಗೆ ಬಂದದ್ದೂ ಅಷ್ಟಕ್ಕಷ್ಟೇ. ಆ ಲ್ಯಾಪ್‌ಟಾಪುಗಳಲ್ಲಿ ಅನೇಕವು ಕೊನೆಯವರೆಗೂ ಅಷ್ಟು ಸ್ಮೃತಿಯನ್ನೇ ಕಾಣಲಿಲ್ಲ. ತಂತ್ರಾಂಶ ಬರೆಯುವವರು ಎರಡೆರಡು ಬಗೆಯಲ್ಲಿ ಸಿದ್ಧಪಡಿಸಿ ಪರೀಕ್ಷಿಸುವುದನ್ನು ನಿಲ್ಲಿಸಿದರು, ಅಷ್ಟೇ. ಬೆಳಗಾವಿ, ಧಾರವಾಡದ ಕಡೆ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳಿರುವುದು ನಿಮಗೆ ಗೊತ್ತು. ಮೋಡಿ ಮಾತ್ರ ಬಲ್ಲ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಅವನ ಕಣ್ಣು ಮಂಜಾಗಿಲ್ಲ, ಕೈ ನಡುಗುತ್ತಿಲ್ಲ. ಕಚೇರಿಗೆ ಬರುವ ಕಾಗದಗಳ ಲಿಪಿ ಬದಲಾಗಿದೆ. ಟ್ಯೂರಿಯನ್ ಎರಡು ಲಿಪಿಗಳನ್ನೂ ಕಲಿತು ಬಂದಿದ್ದ, ಸ್ವಲ್ಪ ನಿಧಾನದ ಗುಮಾಸ್ತ.

ಇದನ್ನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಎರಡೂ ಬಗೆಯ ಲ್ಯಾಪ್‌ಟಾಪುಗಳಿವೆ, ಮಕ್ಕಳು ಬಳಸಿ ಬಿಟ್ಟವು. ತಂಗಿಯ ಮೊಮ್ಮಗಳು ಕನ್ನಡ ಟೈಪಿಂಗ್ ಕಲಿಯಬೇಕೆಂದಾಗ ಎರಡಕ್ಕೂ ಡೆಬಿಯನ್ 13ನ್ನು ಹಾಕಲು ನೋಡಿದೆ. ಕೋರ್ ಡ್ಯುಯೊ ಯಂತ್ರ ಆರಂಭದಲ್ಲೇ, ಇದಕ್ಕೆ 64 ಬಿಟ್‌ನ ಪ್ರೊಸೆಸರು ಬೇಕು, ಇಲ್ಲಿರುವುದು ಅದಲ್ಲ ಎಂಬರ್ಥದ ಒಂದು ಸಾಲು ತೋರಿಸಿ ನಿಂತಿತು. ಟ್ಯೂರಿಯನ್ ತಕರಾರಿಲ್ಲದೆ ಸ್ವೀಕರಿಸಿತು. ಹಾರ್ಡ್ ಡಿಸ್ಕಿನ ಬದಲು ಎಸ್ಎಸ್‌ಡಿ ಹಾಕಿಸಿ, 2 ಗಿಗಾಬೈಟ್ ಸ್ಮೃತಿಯಲ್ಲೇ ಅವಳು ಈಗ ಅದರಲ್ಲಿ ಪ್ರಬಂಧ ಬರೆಯುತ್ತಾಳೆ. ವಿಡಿಯೊ ನೋಡಹೋದರೆ ಏದುಸಿರು ಬಿಡುತ್ತದೆ ಎಂಬುದು ಬೇರೆ ಮಾತು. ಅವಳ ತಾಯಿಗೆ ಅದೇ ದೊಡ್ಡ ಸಮಾಧಾನ. ಕೋರ್ ಡ್ಯುಯೊ ಯಂತ್ರಕ್ಕೆ ಹಿಂದಿನ ಡೆಬಿಯನ್ 12ನ್ನೇ ಹಾಕಿದ್ದೇನೆ. ಪತ್ರ ಬರೆಯಲು ಅದಕ್ಕೇನೂ ಕುಂದಿಲ್ಲ. ಆದರೆ ಅದು ಕೊನೆಯ ನಿಲ್ದಾಣ.

ಹಾಗಾದರೆ ಗೆದ್ದವರು ಯಾರು? ಟ್ಯೂರಿಯನ್ ಎಂದು ಹೇಳಿ ಮುಗಿಸಿದರೆ ಅದು ಅವಸರದ ತೀರ್ಪಾಗುತ್ತದೆ. ಇಟ್ಟಿಗೆಯ ಸಾಲನ್ನು ಗಿಡ್ಡ ಮಾಡಿ, ದೊಡ್ಡ ಮೇಜನ್ನು ಹಂಚಿಕೊಂಡು, ವಿದ್ಯುತ್ತನ್ನು ಎಣಿಸಿ ಖರ್ಚು ಮಾಡುವ ಹೈಫಾದ ವಿಚಾರವೇ ಕೋರ್ 2 ಮೂಲಕ ಮುಂದಿನ ಇಂಟೆಲ್ ಪ್ರೊಸೆಸರುಗಳಿಗೆ ತಳಹದಿಯಾಯಿತು. ಸ್ಮೃತಿಯ ನಿಯಂತ್ರಕವನ್ನು ಒಳಗೇ ಇಡುವ ಎಎಂಡಿಯ ಕ್ರಮವನ್ನು ಇಂಟೆಲ್ 2008ರಲ್ಲಿ ತಾನೂ ಅನುಸರಿಸಿತು. ಎಎಂಡಿ ಬರೆದ 64 ಬಿಟ್‌ನ ವಿಸ್ತರಣೆಯಂತೂ ಇಂದಿಗೂ ಎರಡೂ ಸಂಸ್ಥೆಗಳ ಪ್ರೊಸೆಸರುಗಳಿಗೆ ಸಮಾನ ಭಾಷೆ. ಇಂಟೆಲ್ ಯಂತ್ರಕ್ಕೆ ಡೆಬಿಯನ್ ಇಳಿಸಿಕೊಳ್ಳುವಾಗಲೂ ಕಡತದ ಹೆಸರಿನಲ್ಲಿ ಎಎಂಡಿ64 ಎಂದೇ ಇರುವುದನ್ನು ಕಂಡು ಕೆಲವರು ತಬ್ಬಿಬ್ಬಾಗುವುದುಂಟು. ಕಾರಣ ಇದೇ. ಇಂದಿನ ಲ್ಯಾಪ್‌ಟಾಪು ಈ ಇಬ್ಬರು ಪ್ರತಿಸ್ಪರ್ಧಿಗಳ ಆಸ್ತಿಗೂ ಸಮಾನ ವಾರಸುದಾರ. ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡು 2008ರಲ್ಲಿ ಹೊರಬಂದ ಆರು ಕೋರುಗಳ ಡನಿಂಗ್ಟನ್ ಎಂಬ ಸರ್ವರ್ ಪ್ರೊಸೆಸರು ಕೂಡ ಕೋರ್ 2ರ ವಂಶದ್ದೇ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಒಂದು ವರ್ಷದ ಪರೀಕ್ಷೆ ಆ ವರ್ಷಕ್ಕೆ ಬೇಕಾದದ್ದನ್ನಷ್ಟೇ ಅಳೆಯುತ್ತದೆ. ವೇಗ, ಬ್ಯಾಟರಿ, ಬೆಲೆ ಇವೆಲ್ಲ 2006ರಲ್ಲಿ ಕೊಳ್ಳುವವನಿಗೆ ನಿಜವಾಗಿಯೂ ಮುಖ್ಯವಾಗಿದ್ದವು. ಹನ್ನೆರಡು, ಹದಿನೈದು ವರ್ಷಗಳ ಆಚೆ ಯಂತ್ರ ಉಳಿಯುವುದೋ ಅಳಿಯುವುದೋ ಎಂಬುದನ್ನು ನಿರ್ಧರಿಸಿದ ಗುಣಕ್ಕೆ ಆ ಪರೀಕ್ಷೆಯಲ್ಲಿ ಅಂಕಗಳೇ ಇರಲಿಲ್ಲ. ಮೂವತ್ತು ವರ್ಷ ಅಂಕ ಹಾಕುತ್ತಾ ಬಂದ ನನಗೆ ಇದು ಯಂತ್ರಗಳ ವಿಷಯದಲ್ಲಿ ಮಾತ್ರ ನಿಜವೆಂದು ಅನ್ನಿಸುವುದಿಲ್ಲ.

ಕೊನೆಯಲ್ಲಿ ಒಂದು ಉಪಯೋಗದ ಮಾತು. ನಿಮ್ಮ ಅಟ್ಟದಲ್ಲೂ ಆ ಕಾಲದ ಲ್ಯಾಪ್‌ಟಾಪ್ ಇದ್ದರೆ ಗುಜರಿಗೆ ಹಾಕುವ ಮುನ್ನ ಅದರ ಮೇಲಿನ ಚೀಟಿಯನ್ನು ಓದಿ. ಕೋರ್ ಡ್ಯುಯೊ ಎಂದಿದ್ದರೆ ಅದು 32 ಬಿಟ್‌ನದು. ನಡುವೆ 2 ಎಂಬ ಒಂದು ಅಂಕಿ ಇದ್ದರೆ 64 ಬಿಟ್‌ನದು. ಟ್ಯೂರಿಯನ್ 64 ಎಕ್ಸ್2 ಆಗಿದ್ದರೂ ಹಾಗೆಯೇ. ಚೀಟಿ ಕಿತ್ತುಹೋಗಿದ್ದರೆ, ಲಿನಕ್ಸ್ ಇರುವ ಯಂತ್ರದಲ್ಲಿ ಎಲ್‌ಎಸ್‌ಸಿಪಿಯು ಎಂಬ ಆಜ್ಞೆ ಕೊಟ್ಟರೆ ಅದೇ ಹೇಳುತ್ತದೆ. 64 ಬಿಟ್‌ನದಾಗಿದ್ದರೆ, ಅಕ್ಷರ ಕಲಿಯುವ ಯಾವುದಾದರೂ ಮಗುವಿಗೆ ಅದರಿಂದ ಇನ್ನೂ ಕೆಲವು ವರ್ಷಗಳ ಉಪಯೋಗವಿದೆ. ಚಿಪ್ ವಿನ್ಯಾಸದ ಕ್ಷೇತ್ರದಲ್ಲೇ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನೋದಿ, ನಾನು ಬಿಟ್ಟಿರುವುದನ್ನು ತುಂಬಿ ಬರೆದರೆ ಸಂತೋಷಪಡುತ್ತೇನೆ. ಈಗ ಪಾಠ ಹೇಳುವ ಸರದಿ ನಿಮ್ಮದು.